ಬಾತ್‌ರೂಮಿಗೆ ದೀಪ ಆಯ್ಕೆ ಮಾಡುವುದು: ನೀರು ಎಲ್ಲಿಂದ ಬರುತ್ತದೆ ಎಂದು ಮೊದಲು ನೋಡಿ

ಕೆಟ್ಟುಹೋದ ಬಾತ್‌ರೂಮ್ ದೀಪವೊಂದನ್ನು ಬಿಚ್ಚಿ ನೋಡಿ. ಮುಂದಿನ ಮುಚ್ಚಳ, ಅದರ ಸುತ್ತಲಿನ ರಬ್ಬರ್ ಉಂಗುರ ಎಷ್ಟೋ ಸಲ ಚೆನ್ನಾಗಿಯೇ ಇರುತ್ತವೆ. ತುಕ್ಕು ಹಿಡಿದಿರುವುದು ಹಿಂದೆ, ಗೋಡೆಯಿಂದ ವೈರ್ ಒಳಬರುವ ತೂತಿನ ಸುತ್ತ. ಟರ್ಮಿನಲ್‌ನ ತಾಮ್ರದ ಮೇಲೆ ಹಸಿರು ಪುಡಿ ಕೂತಿರುತ್ತದೆ. ಅಂಗಡಿಯಲ್ಲಿ ಮಾತ್ರ ನಾವು ಮುಂದಿನ ಮುಖ ನೋಡಿಕೊಂಡೇ ಕೇಳುತ್ತೇವೆ, ‘ಇದು ವಾಟರ್‌ಪ್ರೂಫಾ?’ ಹೌದು ಅನ್ನುತ್ತಾರೆ, ಪೆಟ್ಟಿಗೆ ಮನೆಗೆ ಬರುತ್ತದೆ.

ಆ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿಕೊಳ್ಳಬೇಕು. ಈ ದೀಪ ಎಲ್ಲಿ ಕೂರುತ್ತದೆ? ಅಲ್ಲಿಗೆ ನೀರು ಹನಿಯಾಗಿ ಬರುತ್ತದೋ, ಎರಚಿ ಬರುತ್ತದೋ, ಆವಿಯಾಗಿ ಬರುತ್ತದೋ? ಎದುರಿನಿಂದಲೋ, ಬೆನ್ನಿನಿಂದಲೋ? ಇವಕ್ಕೆ ಉತ್ತರ ಕೈಯಲ್ಲಿದ್ದರೆ ಪೆಟ್ಟಿಗೆಯ ಮೇಲಿನ ಅಂಕಿಗಳು ತಾವೇ ಅರ್ಥ ಕೊಡುತ್ತವೆ.

ಹಂತ 1: ಟೇಪು ಹಿಡಿದು ಕೋಣೆ ಅಳೆಯಿರಿ

ಮನೆಯ ವೈರಿಂಗ್‌ಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾನದಂಡ ಐಇಸಿ 60364, ತನ್ನ 701ನೇ ಭಾಗದಲ್ಲಿ ಸ್ನಾನದ ಕೋಣೆಯನ್ನು ವಲಯಗಳಾಗಿ ಹಂಚುತ್ತದೆ. ಹಲವು ದೇಶಗಳ ನಿಯಮಗಳು ಇದನ್ನೇ ಅಲ್ಪಸ್ವಲ್ಪ ಬದಲಿಸಿಕೊಂಡು ಬಳಸುತ್ತವೆ.

ಬಾತ್‌ಟಬ್ ಅಥವಾ ಶವರ್ ಟ್ರೇಯ ಒಳಭಾಗ, ಅಂದರೆ ನೀರು ನಿಲ್ಲುವ ಜಾಗ, ವಲಯ 0. ಅದರ ನೇರ ಮೇಲಿನ ಜಾಗ, ನೆಲದಿಂದ 2.25 ಮೀಟರ್ ಎತ್ತರದವರೆಗೆ, ವಲಯ 1. ಶವರ್ ಇದಕ್ಕಿಂತ ಮೇಲಿದ್ದರೆ ಶವರ್‌ನ ಎತ್ತರದವರೆಗೂ ವಲಯ 1 ಎಂದೇ ಲೆಕ್ಕ. ಅಲ್ಲಿಂದ ಪಕ್ಕಕ್ಕೆ ಇನ್ನೂ 60 ಸೆಂಟಿಮೀಟರ್ ವಲಯ 2.

ಟಬ್ಬೂ ಇಲ್ಲ, ಟ್ರೇಯೂ ಇಲ್ಲ, ಇಡೀ ನೆಲವೇ ಒದ್ದೆಯಾಗುವ ಬಚ್ಚಲಾದರೆ? ಆಗ ಗೋಡೆಗೋ ಚಾವಣಿಗೋ ಕೂರಿಸಿದ ಶವರ್‌ನ ನೀರಿನ ಬಾಯಿಂದ ಸುತ್ತಲೂ 1.2 ಮೀಟರ್ ವಲಯ 1. ಅದರಲ್ಲಿ ನೆಲದಿಂದ 10 ಸೆಂಟಿಮೀಟರ್ ಎತ್ತರದವರೆಗಿನದು ವಲಯ 0. ಇಂಥ ಕೋಣೆಗೆ ವಲಯ 2 ಎಂಬುದಿಲ್ಲ, 1.2 ಮೀಟರ್‌ನಲ್ಲೇ ಆ ಅಂತರವೂ ಸೇರಿಹೋಗಿದೆ. ಕೋಣೆ ಚಿಕ್ಕದಾಗಿದ್ದರೆ ಈ ಅಳತೆಯಲ್ಲಿ ಹೆಚ್ಚುಕಡಿಮೆ ಪೂರ್ತಿ ಕೋಣೆಯೇ ವಲಯ 1 ಆಗಿಬಿಡುವುದುಂಟು. ಕನ್ನಡಿಯ ಮೇಲಿನ ದೀಪ, ಬಾಗಿಲ ಮೇಲಿನ ದೀಪ ಎಲ್ಲವೂ ಅದರೊಳಗೇ ಬರಬಹುದು.

ಅಮೆರಿಕದಲ್ಲಿ ಲೆಕ್ಕ ಬೇರೆ. ಅಲ್ಲಿ ಅಂಕಿಗಳ ಬದಲು ಫಿಟ್ಟಿಂಗ್ ಮೇಲೆ ‘ಡ್ಯಾಂಪ್ ಲೊಕೇಶನ್’ ಅಥವಾ ‘ವೆಟ್ ಲೊಕೇಶನ್’ ಎಂಬ ಗುರುತು ಇರುತ್ತದೆ. ಮೊದಲನೆಯದು ತೇವವಿರುವ ಜಾಗಕ್ಕೆ, ಎರಡನೆಯದು ನೇರ ನೀರು ಬೀಳುವ ಜಾಗಕ್ಕೆ. ಟಬ್ಬಿನ ಅಂಚಿನಿಂದ ಪಕ್ಕಕ್ಕೆ 3 ಅಡಿ, ಮೇಲಕ್ಕೆ 8 ಅಡಿ ಒಳಗೆ ವೈರ್ ಅಥವಾ ಸರಪಳಿಯಿಂದ ತೂಗುವ ದೀಪ ಹಾಕುವಂತಿಲ್ಲ. ಒದ್ದೆ ಕೈ ಮೇಲೆತ್ತಿದರೆ ಸಿಗುವ ದೀಪ ಬೇಡ ಎಂಬ ಈ ವಿವೇಕ ಯಾವ ದೇಶಕ್ಕಾದರೂ ಸಲ್ಲುತ್ತದೆ.

ನಕ್ಷೆಯಲ್ಲಿ ಸಿಗದ ಎರಡು ವಿಷಯ ನೀವೇ ನೋಡಬೇಕು. ಒಂದು, ಹ್ಯಾಂಡ್ ಶವರ್. ಅದರ ಪೈಪನ್ನು ಪೂರ್ತಿ ಎಳೆದು, ಕೈ ಚಾಚಿ, ನೀರು ಎಲ್ಲೆಲ್ಲಿಗೆ ತಾಕುತ್ತದೆ ನೋಡಿ. ಕೋಣೆ ತೊಳೆಯುವಾಗ ಆ ನೀರು ಎಲ್ಲ ವಲಯಗಳನ್ನೂ ದಾಟಿ ಹೋಗುತ್ತದೆ. ಇನ್ನೊಂದು, ತಲೆಯ ಮೇಲಿನ ಮಹಡಿಯಲ್ಲೂ ಬಾತ್‌ರೂಮ್ ಇದೆಯೇ ಎಂಬುದು. ಇದ್ದರೆ, ಸೋರಿದ ನೀರು ಚಾವಣಿಯೊಳಗಿಂದ ಇಳಿದು ದೀಪದ ಬೆನ್ನ ಮೇಲೆ ಬೀಳುತ್ತದೆ. ಚಾವಣಿಯಲ್ಲಿ ಹಳದಿ ಕಲೆ ಕಂಡರೆ ಮೊದಲು ಸೋರಿಕೆ ಸರಿಮಾಡಿಸಿ, ದೀಪದ ಮಾತು ಆಮೇಲೆ.

ಹಂತ 2: ಎರಡು ಅಂಕಿ ಓದುವುದನ್ನು ಕಲಿಯಿರಿ

ಪೆಟ್ಟಿಗೆಯ ಮೇಲೆ ಐಪಿ44, ಐಪಿ65 ಎಂದು ಬರೆದಿರುತ್ತದಲ್ಲ, ಅದು ಧೂಳು, ನೀರು ಒಳಹೋಗದಂತೆ ದೀಪ ಎಷ್ಟು ತಡೆಯುತ್ತದೆ ಎಂದು ಹೇಳುವ, ಐಇಸಿ 60529 ಎಂಬ ಮಾನದಂಡದ ಗುರುತು. ಇದನ್ನು ನಲವತ್ತನಾಲ್ಕು, ಅರವತ್ತೈದು ಎಂದು ಓದಬಾರದು. ನಾಲ್ಕು–ನಾಲ್ಕು, ಆರು–ಐದು ಎಂದು ಬಿಡಿಬಿಡಿಯಾಗಿ ಓದಬೇಕು.

ಮೊದಲ ಅಂಕಿ ಘನ ವಸ್ತುಗಳಿಗೆ, 0ಯಿಂದ 6ರವರೆಗೆ. 2 ಎಂದರೆ ಬೆರಳು ಒಳಗೆ ಹೋಗದು. 4 ಎಂದರೆ 1 ಮಿಲಿಮೀಟರ್ ದಪ್ಪದ ತಂತಿ ಹೋಗದು. 6 ಎಂದರೆ ಧೂಳೂ ಹೋಗದು. ಬಾತ್‌ರೂಮಿನಲ್ಲಿ ಧೂಳಿನ ಚಿಂತೆ ಯಾಕೆ ಅನ್ನಿಸಬಹುದು, ಆದರೆ ದೀಪದ ಬಟ್ಟಲಿನ ತಳದಲ್ಲಿ ಕಪ್ಪಗೆ ಸೇರುವ ಸಣ್ಣ ಹುಳುಗಳಿಗೂ ಇದೇ ಅಂಕಿ ಉತ್ತರ. ಹುಳು ಹೆಚ್ಚಿರುವ ಕಡೆ 6 ಇರುವುದನ್ನೇ ತಂದರೆ ಬಟ್ಟಲು ಬಿಚ್ಚಿ ತೊಳೆಯುವ ಕೆಲಸ ಉಳಿಯುತ್ತದೆ.

ಎರಡನೆಯ ಅಂಕಿ ನೀರಿಗೆ. 1 ಮತ್ತು 2 ಮೇಲಿನಿಂದ ತೊಟ್ಟಿಕ್ಕುವ ಹನಿಗೆ ಮಾತ್ರ. 3 ಮಳೆಯಂತೆ ಓರೆಯಾಗಿ ಬೀಳುವ ನೀರಿಗೆ. 4 ಯಾವ ದಿಕ್ಕಿನಿಂದಲಾದರೂ ಎರಚುವ ನೀರಿಗೆ. 5 ಎಂದರೆ ನೀರಿನ ಧಾರೆಗೆ: ಪರೀಕ್ಷೆಯಲ್ಲಿ 6.3 ಮಿಲಿಮೀಟರ್ ಬಾಯಿಯ ಪೈಪಿನಿಂದ ನಿಮಿಷಕ್ಕೆ 12.5 ಲೀಟರ್‌ನಂತೆ ಎರಡೂವರೆ–ಮೂರು ಮೀಟರ್ ದೂರದಿಂದ ಎಲ್ಲ ಕಡೆಗೂ ಹಾಯಿಸುತ್ತಾರೆ. 6ಕ್ಕೆ ಧಾರೆ ಇನ್ನೂ ಜೋರು, ನಿಮಿಷಕ್ಕೆ 100 ಲೀಟರ್. 7 ಎಂದರೆ 1 ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿಸುವುದು. 8, ತಯಾರಕರು ಹೇಳಿದ ಆಳದಲ್ಲಿ ಅದಕ್ಕಿಂತ ಕಠಿಣವಾಗಿ ಮುಳುಗಿಸಿಡುವುದು. 9 ಎಂಬುದೂ ಇದೆ, ಬಿಸಿನೀರನ್ನು ಭಾರೀ ಒತ್ತಡದಲ್ಲಿ ಹಾಯಿಸಿ ಯಂತ್ರ ತೊಳೆಯುವಂಥ ಕಡೆಗೆ. ಮನೆಯ ಬಾತ್‌ರೂಮಿಗೆ ಅದರ ಹಂಗಿಲ್ಲ.

ಅಂಕಿಯ ಜಾಗದಲ್ಲಿ ಎಕ್ಸ್ ಇದ್ದರೆ, ಉದಾಹರಣೆಗೆ ಐಪಿಎಕ್ಸ್4, ಆ ಭಾಗಕ್ಕೆ ಅಂಕಿ ಘೋಷಿಸಿಲ್ಲ ಎಂದು ಅರ್ಥ. ಅದನ್ನು ಸೊನ್ನೆ ಎಂದು ತಿಳಿಯಬೇಕಿಲ್ಲ, ಭರವಸೆ ಎಂದೂ ತಿಳಿಯಬಾರದು. ಇನ್ನು ಕೆಲವು ಫಿಟ್ಟಿಂಗ್‌ಗಳ ಮೇಲೆ ಅಂಕಿಯ ಬದಲು ತ್ರಿಕೋನದೊಳಗೆ ಒಂದು ಹನಿಯ ಚಿತ್ರ ಇರುತ್ತದೆ. ಅದು ಎರಚುವ ನೀರು ತಡೆಯುತ್ತದೆ ಎಂಬುದರ ಹಳೆಯ ಗುರುತು.

ಅಂಗಡಿಯವರೂ ಎಡವುವುದು ಇಲ್ಲಿ: 7 ಇದ್ದ ಮಾತ್ರಕ್ಕೆ ಅದು 5ನ್ನೂ ತಾಳುತ್ತದೆ ಎಂದೇನಿಲ್ಲ. ನಿಂತ ನೀರಿನಲ್ಲಿ ಮುಳುಗಿಸುವ ಪರೀಕ್ಷೆ ಬೇರೆ, ಧಾರೆಯ ಪರೀಕ್ಷೆ ಬೇರೆ. 6ರವರೆಗೆ ಮಾತ್ರ ದೊಡ್ಡ ಅಂಕಿ ಚಿಕ್ಕ ಅಂಕಿಯನ್ನು ಒಳಗೊಳ್ಳುತ್ತದೆ. ಎರಡನ್ನೂ ತಾಳುವ ದೀಪಕ್ಕೆ ಐಪಿ65/67 ಎಂದು ಎರಡೂ ಗುರುತು ಹಾಕಿರುತ್ತಾರೆ.

ಹಂತ 3: ಜಾಗಕ್ಕೆ ಅಂಕಿ ಹೊಂದಿಸಿ

ವಲಯ 0ಕ್ಕೆ ನೀರಿನ ಅಂಕಿ 7 ಬೇಕೇ ಬೇಕು, ಜೊತೆಗೆ ಅಲ್ಲಿ ಬಳಸಲೆಂದೇ ಮಾಡಿದ ದೀಪವಾಗಿರಬೇಕು. ವಲಯ 1 ಮತ್ತು 2ಕ್ಕೆ ನಿಯಮ ಕೇಳುವುದು ಕನಿಷ್ಠ 4. ಧಾರೆ ಹಾಯಿಸಿ ತೊಳೆಯುವ ರೂಢಿ ಇದ್ದರೆ 5. ವಲಯಗಳ ಹೊರಗೆ, 2.25 ಮೀಟರ್‌ಗಿಂತ ಮೇಲೆ, ಈ ನಿಯಮ ಯಾವ ಅಂಕಿಯನ್ನೂ ಕೇಳುವುದಿಲ್ಲ.

ನಿಯಮ ಕೇಳುವುದು ಅಷ್ಟು. ನನ್ನನ್ನು ಕೇಳಿದರೆ, ಶವರ್‌ನ ನೇರ ಮೇಲೆ ಮತ್ತು ಹ್ಯಾಂಡ್ ಶವರ್ ಕೈಗೆಟುಕುವ ಕಡೆಯೆಲ್ಲ ಐಪಿ65 ಹಾಕಿ, ಕೋಣೆಯ ಉಳಿದ ಕಡೆ ಐಪಿ44 ಸಾಕು. ಎಲ್ಲ ಕಡೆ ಐಪಿ67, ಐಪಿ68 ತಂದು ತುಂಬುವುದರಿಂದ ಪ್ರಯೋಜನ ಕಡಿಮೆ. ಅಷ್ಟು ಬಿಗಿಯಾಗಿ ಮುಚ್ಚಿದ ದೀಪಗಳಲ್ಲಿ ಬಹಳಷ್ಟನ್ನು ಬಿಚ್ಚಿ ರಿಪೇರಿ ಮಾಡಲಾಗದು. ಒಂದು ಭಾಗ ಹೋದರೆ ಇಡೀ ದೀಪವನ್ನೇ ಬದಲಿಸಬೇಕಾಗುತ್ತದೆ.

ಹಂತ 4: ದೀಪವನ್ನು ತಿರುಗಿಸಿ ಬೆನ್ನು ನೋಡಿ

ಕೊಳ್ಳುವ ಮೊದಲು ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೇ. ಐಪಿ ಅಂಕಿ ಬರುವುದು ತಯಾರಕರು ಹೇಳಿದ ರೀತಿಯಲ್ಲೇ ಜೋಡಿಸಿ, ಹೇಳಿದ ದಿಕ್ಕಿನಲ್ಲೇ ಕೂರಿಸಿ, ಎಲ್ಲ ರಬ್ಬರೂ ಸ್ಕ್ರೂಗಳೂ ಇದ್ದಾಗ ಮಾಡಿದ ಪರೀಕ್ಷೆಯಿಂದ. ಜೋಡಣೆ ಬದಲಾದ ಕೂಡಲೇ ಆ ಅಂಕಿ ಬರೀ ಅಚ್ಚಾದ ಶಾಯಿ.

ಫಾಲ್ಸ್ ಸೀಲಿಂಗ್‌ನಲ್ಲಿ ಕೂರುವ ಡೌನ್‌ಲೈಟ್ ತೆಗೆದುಕೊಳ್ಳಿ. ಅದರ ಮೇಲೆ ಐಪಿ65 ಎಂದಿದ್ದರೂ, ಎಷ್ಟೋ ಮಾದರಿಗಳಲ್ಲಿ ಅದು ಕೆಳಗೆ ಕಾಣುವ ಮುಖಕ್ಕೆ ಮಾತ್ರ. ಸಣ್ಣ ಅಕ್ಷರದಲ್ಲಿ ‘ಮುಂಭಾಗ ಐಪಿ65, ಹಿಂಭಾಗ ಐಪಿ20’ ಎಂದಿರುತ್ತದೆ. ಅಂದರೆ ಸೀಲಿಂಗ್‌ನ ಒಳಗಿರುವ ಭಾಗಕ್ಕೆ ನೀರಿನಿಂದ ರಕ್ಷಣೆಯೇ ಇಲ್ಲ. ಸೀಲಿಂಗ್ ಒಳಗೆ ಒಣಗಿದ್ದರೆ ಇದು ತಪ್ಪಲ್ಲ. ಆದರೆ ತೂತಿನ ಸುತ್ತಲಿನ ಫೋಮ್ ಉಂಗುರ ಸರಿಯಾಗಿ ಕೂರದಿದ್ದರೆ ಸ್ನಾನದ ಆವಿ ಆ ಸಂದಿನಿಂದ ಮೇಲೇರಿ, ಒಳಗಿನ ತಣ್ಣನೆಯ ಭಾಗಕ್ಕೆ ತಾಗಿ ನೀರಾಗಿ, ಡ್ರೈವರ್ (ಎಲ್‌ಇಡಿಗೆ ತಕ್ಕ ಕರೆಂಟ್ ಒದಗಿಸುವ ಭಾಗ) ಮೇಲೇ ತೊಟ್ಟಿಕ್ಕುತ್ತದೆ. ಆದ್ದರಿಂದ ಸೀಲಿಂಗ್‌ಗೆ ಕೊರೆಯುವ ತೂತಿನ ಅಳತೆ ಪೆಟ್ಟಿಗೆಯಲ್ಲಿ ಹೇಳಿದಷ್ಟೇ ಇರಲಿ. ‘ಸ್ವಲ್ಪ ದೊಡ್ಡದಾಯ್ತು, ರಿಮ್ ಮುಚ್ಚಿಕೊಳ್ಳುತ್ತೆ’ ಎಂದು ಕೆಲಸದವರು ಹೇಳಿದರೆ ಒಪ್ಪಬೇಡಿ. ರಿಮ್ ತೂತನ್ನು ಕಣ್ಣಿಗೆ ಮರೆಮಾಡುತ್ತದೆ, ಆವಿಗಲ್ಲ.

ಗೋಡೆಯ ದೀಪದಲ್ಲಿ ನೋಡಬೇಕಾದದ್ದು ವೈರ್ ಒಳಬರುವ ಜಾಗ. ಅಲ್ಲಿ ತೂತಿಗೆ ಕೂರಿಸುವ ರಬ್ಬರ್ ಬಿಲ್ಲೆ, ಅಂದರೆ ಗ್ರೋಮೆಟ್ ಇದೆಯೇ ಅಥವಾ ತಿರುಗಿಸಿ ಬಿಗಿ ಮಾಡುವ ಕೇಬಲ್ ಗ್ಲ್ಯಾಂಡ್ ಇದೆಯೇ? ಎರಡೂ ಕೆಲಸ ಮಾಡುವುದು ಒಳಹೋಗುವ ಕೇಬಲ್ ಗುಂಡಗಿದ್ದು, ಗ್ಲ್ಯಾಂಡ್‌ನ ಅಳತೆಗೆ ಹೊಂದಿದಾಗ. ಗೋಡೆಯೊಳಗಿನ ಪೈಪಿನಿಂದ ಎರಡು–ಮೂರು ಬಿಡಿ ವೈರ್‌ಗಳನ್ನು ಎಳೆದು ಒಂದೇ ಗ್ರೋಮೆಟ್‌ಗೆ ತುರುಕಿದರೆ, ವೈರ್‌ಗಳ ನಡುವೆ ಉಳಿಯುವ ಸಂದಿಯೇ ನೀರಿಗೆ ದಾರಿ. ಗ್ರೋಮೆಟ್‌ನ ಪೊರೆಯನ್ನು ಕತ್ತರಿಯಿಂದ ಅಗಲವಾಗಿ ಕತ್ತರಿಸುವುದೂ ಹಾಗೆಯೇ. ಸಣ್ಣದಾಗಿ ಚುಚ್ಚಿ, ಕೇಬಲನ್ನು ಒತ್ತಿ ತೂರಿಸಬೇಕು. ರಬ್ಬರ್ ಕೇಬಲ್ ಸುತ್ತ ತಾನೇ ಅಪ್ಪಿಕೊಳ್ಳಬೇಕು.

ದೀಪದ ತಳದ ತಟ್ಟೆ ಟೈಲ್ಸ್ ಮೇಲೆ ಕೂರುವಾಗ ಟೈಲ್ಸ್‌ಗಳ ನಡುವಿನ ಗೆರೆ ಅಡ್ಡ ಬಂದರೆ ಸಂದಿ ಮುಚ್ಚುವ ಫೋಮ್ ಪಟ್ಟಿ, ಅಂದರೆ ಗ್ಯಾಸ್ಕೆಟ್ ಅಲ್ಲಿ ಪೂರ್ತಿ ಒತ್ತುವುದಿಲ್ಲ. ಗೋಡೆಯ ಮೇಲೆ ಇಳಿದುಬರುವ ನೀರು ಆ ಗೆರೆಯಲ್ಲೇ ಹರಿದು ನೇರವಾಗಿ ದೀಪದ ಬೆನ್ನಿಗೆ ಹೋಗುತ್ತದೆ. ತಟ್ಟೆಯ ಮೇಲ್ಭಾಗಕ್ಕೂ ಎರಡು ಪಕ್ಕಕ್ಕೂ ಸಿಲಿಕೋನ್ ಹಚ್ಚಿ, ಕೆಳಭಾಗ ಬಿಡಿ. ನಾಲ್ಕೂ ಕಡೆ ಮುಚ್ಚಿದರೆ ಹೇಗೋ ಒಳಸೇರಿದ ನೀರು ಹೊರಬರಲು ದಾರಿಯಿಲ್ಲದೆ ಅಲ್ಲೇ ನಿಲ್ಲುತ್ತದೆ. ಕೆಲವು ಫಿಟ್ಟಿಂಗ್‌ಗಳ ತಳದಲ್ಲಿ ತಯಾರಕರೇ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ, ಅದೂ ಇದಕ್ಕೇ, ಅದನ್ನು ಮುಚ್ಚಬೇಡಿ. ಸಿಲಿಕೋನ್ ಕೊಳ್ಳುವಾಗ ವಿನೆಗರ್‌ನಂತೆ ಹುಳಿ ವಾಸನೆ ಬರುವ ಬಗೆ ಬೇಡ. ಅದು ಗಟ್ಟಿಯಾಗುವಾಗ ಬಿಡುವ ಆಮ್ಲ ತಾಮ್ರ ಮತ್ತಿತರ ಲೋಹಗಳನ್ನು ತಿನ್ನುತ್ತದೆ. ಟ್ಯೂಬಿನ ಮೇಲೆ ‘ನ್ಯೂಟ್ರಲ್ ಕ್ಯೂರ್’ ಎಂದಿರುವುದನ್ನು ಕೇಳಿ.

ಸ್ಕ್ರೂಗಳನ್ನೂ ಮರೆಯಬೇಡಿ. ದೀಪದ ಮೈ ಎಷ್ಟೇ ಚೆನ್ನಾಗಿದ್ದರೂ ಜೊತೆಗೆ ಬರುವ ಸ್ಕ್ರೂ ಸಾದಾ ಕಬ್ಬಿಣದ್ದಾಗಿದ್ದರೆ ಬೇಗನೆ ಕೆಂಪು ನೀರಿನ ಗೆರೆ ಟೈಲ್ಸ್ ಮೇಲೆ ಇಳಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬೇರೆ ತಂದಿಟ್ಟುಕೊಳ್ಳಿ.

ಹಂತ 5: ಆವಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಎರಚುವ ನೀರಿನ ಪರೀಕ್ಷೆ, ಧಾರೆಯ ಪರೀಕ್ಷೆ ಎರಡನ್ನೂ ಮಾಡುವುದು ತಿಳಿನೀರಿನಿಂದ. ಅಲ್ಲಿ ಸೋಪೂ ಇಲ್ಲ, ದಿನದಿನದ ಆವಿಯೂ ಇಲ್ಲ. ಸೋಪು ಬೆರೆತ ನೀರಿನ ಮೇಲ್ಮೈ ಸೆಳೆತ ಕಡಿಮೆ, ಹಾಗಾಗಿ ಸಾದಾ ನೀರು ನುಗ್ಗದ ಸಂದಿಗೂ ಅದು ನುಸುಳುತ್ತದೆ.

ಆವಿಯ ಕಥೆ ಇನ್ನೂ ಸೂಕ್ಷ್ಮ. ದೀಪ ಉರಿಯುವಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ, ಸಿಕ್ಕ ಸಣ್ಣ ಸಂದಿಯಿಂದ ಹೊರಹೋಗುತ್ತದೆ. ಸ್ನಾನ ಮುಗಿಸಿ ದೀಪ ಆರಿಸಿದಾಗ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ. ಆಗ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ, ಸರಿಯಾಗಿ ಕೋಣೆಯ ತುಂಬ ಆವಿ ಇರುವ ಹೊತ್ತಿನಲ್ಲೇ. ಹೀಗೆ ದಿನವೂ ಒಂದಿಷ್ಟು ತೇವವನ್ನು ಉಸಿರಾಡಿ ಉಸಿರಾಡಿ ದೀಪ ಒಳಗೆ ಸೇರಿಸಿಕೊಳ್ಳುತ್ತದೆ. ಒಂದು ಹನಿ ನೀರೂ ಹೊರಗಿನಿಂದ ಬೀಳದೆ ಗಾಜಿನ ಒಳಮೈ ಮಂಜಾಗುವುದು ಹೀಗೆ. ಒಳ್ಳೆಯ ಮೊಹರು ಮಾಡಿದ ಕೆಲವು ಫಿಟ್ಟಿಂಗ್‌ಗಳಲ್ಲಿ ಗಾಳಿಯನ್ನು ಬಿಟ್ಟು ನೀರನ್ನು ತಡೆಯುವ ಪೊರೆಯ ಸಣ್ಣ ಬಿರಡೆ ಇರುತ್ತದೆ. ನೋಡಲು ಏನೂ ಅಲ್ಲ, ಆದರೆ ಅದಿದ್ದರೆ ಒತ್ತಡ ಅಲ್ಲೇ ಸರಿಹೋಗಿ ಗ್ಯಾಸ್ಕೆಟ್‌ನ ಮೇಲೆ ಭಾರ ಬೀಳುವುದಿಲ್ಲ.

ಮೊದಲ ಕೆಲವು ದಿನ ತೆಳ್ಳಗೆ ಮಂಜು ಕಂಡು, ದೀಪ ಉರಿದಂತೆ ಮಾಯವಾದರೆ ಗಾಬರಿ ಬೇಡ. ಹನಿಗಟ್ಟಿ ತಳದಲ್ಲಿ ನೀರು ನಿಂತರೆ ಮೊಹರು ಎಲ್ಲೋ ಬಿಟ್ಟಿದೆ ಎಂದೇ ಅರ್ಥ. ಏನೇ ದೀಪ ಹಾಕಿದರೂ ಎಕ್ಸಾಸ್ಟ್ ಫ್ಯಾನ್ ಸ್ನಾನವಾದ ಮೇಲೂ ಒಂದಷ್ಟು ಹೊತ್ತು ತಿರುಗಲಿ. ಅದರಿಂದ ದೀಪಕ್ಕೆ ಆಗುವ ಉಪಕಾರವನ್ನು ದೊಡ್ಡ ಐಪಿ ಅಂಕಿಯೂ ಮಾಡಲಾರದು.

ಬಲ್ಬ್ ಬೇರೆಯಾಗಿ ಹಾಕುವ ಮುಚ್ಚಿದ ಬಟ್ಟಲಿನ ದೀಪವಾದರೆ ಇನ್ನೊಂದು ವಿಷಯ ನೋಡಿ. ಎಲ್‌ಇಡಿ ಬಲ್ಬುಗಳಲ್ಲಿ ಕೆಲವನ್ನು ಪೂರ್ತಿ ಮುಚ್ಚಿದ ಫಿಟ್ಟಿಂಗ್‌ನಲ್ಲಿ ಹಾಕಬಾರದು ಎಂದು ಬಲ್ಬಿನ ಪೆಟ್ಟಿಗೆಯ ಮೇಲೇ ಬರೆದಿರುತ್ತದೆ. ಶಾಖ ಹೊರಹೋಗದೆ ಅವು ಬೇಗ ಸಾಯುತ್ತವೆ. ನೀರು ಹೊಕ್ಕಿತು ಎಂದು ನಾವು ದೂರುವ ಎಷ್ಟೋ ಬಲ್ಬುಗಳು ನಿಜಕ್ಕೂ ಬೆಂದು ಹೋಗಿರುತ್ತವೆ.

ಹಂತ 6: ಕರೆಂಟಿನ ಕಡೆ

ಐಪಿ ಅಂಕಿ ನೀರನ್ನು ಹೊರಗಿಡುವ ಮಾತು. ಒಳಬಂದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಗುರುತುಗಳಿವೆ. ಲೋಹದ ಮೈಯ, ಅರ್ಥಿಂಗ್ ಬೇಡುವ ದೀಪ ಒಂದನೇ ವರ್ಗ. ಅದಕ್ಕೆ ಹಸಿರು ವೈರ್ ಕಡ್ಡಾಯ. ಚೌಕದೊಳಗೊಂದು ಚೌಕದ ಚಿತ್ರವಿದ್ದರೆ ಎರಡನೇ ವರ್ಗ: ಎರಡು ಪದರ ನಿರೋಧಕ, ಅರ್ಥಿಂಗ್ ಬೇಕಿಲ್ಲ. ಮೂರನೇ ವರ್ಗ ಸುರಕ್ಷಿತ ಕಡಿಮೆ ವೋಲ್ಟ್‌ನಲ್ಲಿ ನಡೆಯುವಂಥದ್ದು. ಹಳೆಯ ಮನೆಯಲ್ಲಿ ದೀಪದ ಪಾಯಿಂಟ್‌ಗೆ ಅರ್ಥ್ ವೈರ್ ಇರದಿರುವುದು ಸಾಮಾನ್ಯ. ಅಂಥ ಕಡೆ ಫಳಫಳ ಹೊಳೆಯುವ ಲೋಹದ ಫಿಟ್ಟಿಂಗ್ ಬಿಟ್ಟು ಎರಡನೇ ವರ್ಗದ್ದೇ ತನ್ನಿ.

ವಲಯ 0ರಲ್ಲಿ ಅವಕಾಶ ಇರುವುದು ಈ ಕಡಿಮೆ ವೋಲ್ಟ್‌ಗೆ ಮಾತ್ರ: ಎಸಿಯಾದರೆ 12 ವೋಲ್ಟ್, ಡಿಸಿಯಾದರೆ 30 ವೋಲ್ಟ್ ಮೀರಬಾರದು. ಅದನ್ನು ಒದಗಿಸುವ ಟ್ರಾನ್ಸ್‌ಫಾರ್ಮರ್ ಅಥವಾ ಡ್ರೈವರ್ ವಲಯಗಳ ಹೊರಗಿರಬೇಕು.

ಬಾತ್‌ರೂಮಿನ ಸರ್ಕ್ಯೂಟ್‌ಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ನೆಲಕ್ಕೆ ಸೋರಿದರೆ ತಾನೇ ಬೀಳುವ ಸ್ವಿಚ್, ಇದೆಯೇ ನೋಡಿ. ಎಂಸಿಬಿ ಇದೆ ಎಂದರೆ ಸಾಲದು. ಎಂಸಿಬಿ ಓವರ್‌ಲೋಡ್, ಶಾರ್ಟ್ ಸರ್ಕ್ಯೂಟ್‌ಗೆ ಬೀಳುತ್ತದೆ. ಒದ್ದೆ ಮೈಯ ಮೂಲಕ ನೆಲಕ್ಕೆ ಹರಿಯುವ ಸಣ್ಣ ಕರೆಂಟ್ ಅದರ ಗಮನಕ್ಕೇ ಬರುವುದಿಲ್ಲ. ಆರ್‌ಸಿಸಿಬಿಯ ಮೇಲೆ ಟೆಸ್ಟ್ ಬಟನ್ ಇರುತ್ತದೆ. ಒತ್ತಿದಾಗ ಟಪ್ಪೆಂದು ಬೀಳದಿದ್ದರೆ ದೀಪ ಕೊಳ್ಳುವುದಕ್ಕೂ ಮುಂಚೆ ಅದನ್ನು ಬದಲಾಯಿಸಿ. ಸ್ವಿಚ್ ಬಾಗಿಲಾಚೆ ಇರಲಿ. ಜೋಡಿಸುವ ಕೆಲಸ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರದ್ದು, ನಿಮ್ಮ ಊರಿನ ನಿಯಮದ ಕೊನೆಯ ಮಾತೂ ಅವರದ್ದೇ.

ಹಂತ 7: ಕನ್ನಡಿ ದೀಪ, ಎಲ್‌ಇಡಿ ಸ್ಟ್ರಿಪ್

ಕನ್ನಡಿಯ ಬಳಿ ನೀರಿಗಿಂತ ಬೆಳಕೇ ಮುಖ್ಯ. ಮೇಲಿನಿಂದ ಒಂದೇ ದೀಪ ಬಿದ್ದರೆ ಕಣ್ಣಿನ ಕೆಳಗೆ, ಗದ್ದದ ಕೆಳಗೆ ನೆರಳು. ಮುಖದ ಎತ್ತರಕ್ಕೆ ಎರಡೂ ಪಕ್ಕ ಹಾಕಿದರೆ ಕ್ಷೌರಕ್ಕೂ ಅಲಂಕಾರಕ್ಕೂ ಒಳ್ಳೆಯದು. ಬೆಳಕು ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂದು ಹೇಳುವ ಅಂಕಿ, ಸಿಆರ್‌ಐ, 90ರ ಮೇಲಿರಲಿ. ನೀರಿಗೆ ಐಪಿ44 ಸಾಕು.

ಎಲ್‌ಇಡಿ ಸ್ಟ್ರಿಪ್‌ನಲ್ಲಿ ಮಾತ್ರ ಹುಷಾರು. ಸುರುಳಿಯ ಮೇಲೆ ಐಪಿ67 ಎಂದಿರುತ್ತದೆ; ಬೇಕಾದಷ್ಟಕ್ಕೆ ಕತ್ತರಿಸಿದ ಕ್ಷಣ ಆ ತುದಿ ಬಯಲಾಗುತ್ತದೆ. ತುದಿಗೆ ಮುಚ್ಚಳ ಹಾಕಿ ಸಿಲಿಕೋನ್ ತುಂಬಬೇಕು, ವೈರ್ ಬೆಸೆದ ಕಡೆಯೂ ಅಷ್ಟೇ. 12 ಅಥವಾ 24 ವೋಲ್ಟ್ ತಾನೇ, ಏನಾಗುತ್ತದೆ ಎನ್ನಬೇಡಿ. ಶಾಕ್ ಹೊಡೆಯದಿರಬಹುದು, ಆದರೆ ತೇವದಲ್ಲಿ ಡಿಸಿ ಕರೆಂಟ್ ಹರಿದರೆ ಸ್ಟ್ರಿಪ್‌ನ ತೆಳು ತಾಮ್ರದ ಪಟ್ಟಿ ಹಸಿರಾಗಿ ಕರಗಿಹೋಗುತ್ತದೆ. ತುದಿಯಿಂದ ಒಂದೊಂದೇ ತುಂಡು ಆರುತ್ತ ಬರುವ ಸ್ಟ್ರಿಪ್‌ಗಳನ್ನು ನೋಡಿದ್ದರೆ ಕಾರಣ ಹೆಚ್ಚಾಗಿ ಇದೇ.

ಹಂತ 8: ಹಾಕಿದ ಮೇಲೆ

ಸಿಲಿಕೋನ್ ಪೂರ್ತಿ ಒಣಗುವವರೆಗೆ, ಸಾಮಾನ್ಯವಾಗಿ ಒಂದು ದಿನ, ಶವರ್ ಬಿಡಬೇಡಿ. ಪೆಟ್ಟಿಗೆಯೊಳಗೆ ಸ್ಕ್ರೂ, ವಾಷರ್, ರಬ್ಬರ್ ಬಿರಡೆ ಏನಾದರೂ ‘ಹೆಚ್ಚಾಗಿ’ ಉಳಿದಿದೆಯೇ ನೋಡಿ. ಉಳಿದಿದ್ದರೆ ಅದು ಎಲ್ಲೋ ಹಾಕದೆ ಬಿಟ್ಟದ್ದು. ಎಲೆಕ್ಟ್ರಿಷಿಯನ್ ಹೊರಡುವ ಮುಂಚೆಯೇ ಕೇಳಿ.

ಸ್ವಚ್ಛ ಮಾಡುವಾಗ ಮೇನ್ ಆಫ್ ಮಾಡಿ, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಟೈಲ್ಸ್ ಬೆಳ್ಳಗಾಗಿಸುವ ಆಮ್ಲದ ದ್ರಾವಣ ದೀಪದ ಮೇಲೆ ಬೀಳದಿರಲಿ, ಕ್ರೋಮ್ ಲೇಪ ಅದಕ್ಕೆ ತಾಳುವುದಿಲ್ಲ. ಬಲ್ಬ್ ಬದಲಿಸಲು ಮುಚ್ಚಳ ಬಿಚ್ಚಿದಾಗೆಲ್ಲ ಗ್ಯಾಸ್ಕೆಟನ್ನು ಬೆರಳಿನಲ್ಲಿ ಒತ್ತಿ ನೋಡಿ. ಚಪ್ಪಟೆಯಾಗಿ ಮೇಲೇಳದಿದ್ದರೆ, ಬಿರುಕು ಬಿಟ್ಟಿದ್ದರೆ ಅದರ ಕೆಲಸ ಮುಗಿದಿದೆ. ಬಿಡಿ ಗ್ಯಾಸ್ಕೆಟ್ ಸಿಗುತ್ತದೆಯೇ ಎಂದು ದೀಪ ಕೊಳ್ಳುವ ದಿನವೇ ವಿಚಾರಿಸಿ, ಸಿಕ್ಕರೆ ಒಂದನ್ನು ಜೊತೆಗೇ ತಂದಿಡಿ.